ಆ ಹಕ್ಕಿ ಬಂದೂಕ ಯಾರದು?

ವಾಡಿ ಜಂಕ್ಷನ್. ಸೇಡಂ ಕಡೆಯಿಂದ ಬಂದಿಳಿದ ಒಂದೇ ಓಣಿಯ ಇಬ್ಬರು ಕಲಬುರಗಿ ಕಡೆಯ ಗಾಡಿಗೆ ಕಾಯುತ್ತಿದ್ದಾರೆ. ಗಾಡಿ ತಡವಾಗಿದೆ. ಒಬ್ಬರು ಸೈನ್ಯದಲ್ಲಿ ಹವಾಲ್ದಾರರಾಗಿದ್ದು, ನಿವೃತ್ತಿಯ ನಂತರ ಶಹಾಬಾದಿನ ಒಂದು ಬ್ಯಾಂಕಿನಲ್ಲಿ ಬಂದೂಕು ಹಿಡಿದು ಕಾವಲಿಗಿದ್ದವರು. ಇನ್ನೊಬ್ಬಳು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವ ಹುಡುಗಿ. ಅವಳ ಫೋನಿನಲ್ಲಿದ್ದ ಒಂದು ಚಿತ್ರದಿಂದ ಮಾತು ಶುರುವಾಯಿತು.

ಹುಡುಗಿ: ಕಾಕಾ, ಇದನ್ನೊಂದ್ ನೋಡ್ರಿ. ಬಂದೂಕದ ಜಾತಿ ನಿಮಗ ಗೊತ್ತಾಗ್ತದ.

ಕಾಕಾ: ತಡಿ, ಚಷ್ಮಾ ಹಾಕ್ಕೋತೀನಿ. ಹ್ಞಾಂ, ಚಕಮಕಿ ಕಲ್ಲಿನ ಬಂದೂಕ. ಈ ಕುದುರಿ ಬಾಯಾಗ ಕಲ್ಲು ಕಚ್ಚಿಸ್ತಾರ. ಅದು ಉಕ್ಕಿಗಿ ಬಡದ್ರ ಕಿಡಿ ಹಾರಿ ಮದ್ದಿನ ಮ್ಯಾಲ ಬೀಳ್ತದ. ಆದ್ರ ಇದು ಲಡಾಯಿಗಿ ಮಾಡಿದ್ದಲ್ಲ. ಇಷ್ಟು ಬೆಳ್ಳಿ ಕೆಲಸ, ಇಷ್ಟು ಚಿತ್ತಾರ ಹಾಕಿ ಸಿಪಾಯಿ ಕೈಯಾಗ ಯಾರೂ ಕೊಡಂಗಿಲ್ಲ.

ಹುಡುಗಿ: ಹಕ್ಕಿ ಹೊಡಿಲಿಕ್ಕ ಮಾಡಿದ್ದು ಕಾಕಾ. ಮೈಸೂರಾಗ, 1793-94ರಾಗ, ಟಿಪ್ಪು ಸುಲ್ತಾನನ ಸಲುವಾಗಿ. ಮಾಡಿದವನ ಹೆಸರು ಅಸದ್ ಖಾನ್ ಮುಹಮ್ಮದ್. ಆಮ್ಯಾಲ ಇದು ಕಾಣಿಕಿಯಾಗಿ, ಟಿಪ್ಪುವಿನ ಎದುರು ಲಡಾಯಿ ಮಾಡಿದ ಇಂಗ್ಲಿಷ್ ಜನರಲ್ ಕಾರ್ನ್‌ವಾಲಿಸನ ಕೈ ಸೇರ್ತು ಅಂತ ಹೇಳ್ತಾರ. 2023ರ ಮೇ ತಿಂಗಳದಾಗ ಬ್ರಿಟನ್ ಸರ್ಕಾರ ಇದು ದೇಶ ಬಿಟ್ಟು ಹೋಗಬಾರದು ಅಂತ ತಾತ್ಪೂರ್ತಿಕ ತಡಿ ಹಾಕ್ತು. ಕಿಮ್ಮತ್ತು 20 ಲಕ್ಷ ಪೌಂಡ್.

ಕಾಕಾ: ಯಾವ ದೇಶ ಬಿಟ್ಟು?

ಹುಡುಗಿ: ಬ್ರಿಟನ್ ಬಿಟ್ಟು! ಹೊರಗಿನವರು ಕೊಂಡು ಒಯ್ಯೋಕ್ಕಿಂತ ಮೊದಲ ಅಲ್ಲಿಯ ಮ್ಯೂಸಿಯಂನವರಿಗಿ ರೊಕ್ಕ ಕೂಡಿಸ್ಲಿಕ್ಕ ವ್ಯಾಳ್ಯಾ ಸಿಗಲಿ ಅಂತ. ಮೈಸೂರಾಗ ಮಾಡಿದ ಬಂದೂಕ ಅವರ ರಾಷ್ಟ್ರದ ಆಸ್ತಿ ಆಯ್ತು. ಅದನ್ನ ಓದಿ ಭಾಳ ಸಂಕಟ ಆಯ್ತು ಕಾಕಾ. ಅದು ಇಲ್ಲಿಗಿ ಬರಬೇಕು.

ಕಾಕಾ: ಅಷ್ಟು ಅವಸರ ಮಾಡಬ್ಯಾಡ ಮಗಳ. ಲೂಟಿ ಮಾಡಿದ್ದು ಬ್ಯಾರೆ, ಕಾಣಿಕಿ ಕೊಟ್ಟಿದ್ದು ಬ್ಯಾರೆ. 1799ರಾಗ ಶ್ರೀರಂಗಪಟ್ಟಣ ಬಿದ್ದ ಮ್ಯಾಲ ಅರಮನಿ ಸೂರೆ ಹೋಯ್ತಲ್ಲ, ಅದು ಲೂಟಿ. ಆ ಕತ್ತಿ, ಆ ಸಿಂಹಾಸನದ ಚೂರು, ಅವನ್ನ ಕೇಳು, ನಾನೂ ನಿನ್ನ ಜೋಡಿ ನಿಂತು ಕೇಳ್ತೀನಿ. ಇದು ಹಂಗಲ್ಲ. ಲಡಾಯಿ ಮುಗದ ಮ್ಯಾಲ ಎದುರಾಳಿಗಿ ಒಂದ್ ಛಲೋ ಬಂದೂಕ ಕೊಡೋದು ಸಿಪಾಯಿ ಮಂದ್ಯಾಗ ದೊಡ್ಡ ಮರ್ಯಾದಿ. ಕೊಟ್ಟವ ಅರಸ. ಅವ ಕೊಟ್ಟಿದ್ದನ್ನ ನಾವು ವಾಪಸ್ ಕೇಳಿದ್ರ ಅವನ ಮಾತಿಗೇ ಕಿಮ್ಮತ್ತು ಇಲ್ಲದಂಗ ಆಗ್ತದ.

ಹುಡುಗಿ: ಇಸವಿ ನೋಡ್ರಿ ಕಾಕಾ. ಲಡಾಯಿ ಸೋತ ಟಿಪ್ಪು 1792ರ ಮಾರ್ಚ್‌ದಾಗ ಒಪ್ಪಂದ ಮಾಡ್ಕೊಂಡ. ಅರ್ಧ ರಾಜ್ಯ ಹೋಯ್ತು. 3 ಕೋಟಿ 30 ಲಕ್ಷ ರೂಪಾಯಿ ದಂಡ. ಅದಕ್ಕ ಜಾಮೀನಾಗಿ ತನ್ನ ಇಬ್ಬರು ಸಣ್ಣ ಮಕ್ಕಳನ್ನ, ಅಬ್ದುಲ್ ಖಾಲಿಕ್ ಮತ್ತ ಮುಯಿಜುದ್ದೀನ್, ಕಾರ್ನ್‌ವಾಲಿಸನ ವಶಕ್ಕ ಕೊಡಬೇಕಾಯ್ತು. ಆ ಮಕ್ಕಳು ಮನಿಗಿ ತಿರುಗಿ ಬಂದಿದ್ದು 1794ರಾಗ. ಬಂದೂಕದ ಮ್ಯಾಲಿನ ವರ್ಷ 1793-94. ಮಕ್ಕಳು ಒತ್ತೆ ಇದ್ದ ಹೊತ್ತಿನಾಗ, ಇಲ್ಲಾ ಈಗಷ್ಟೇ ಬಿಡಿಸಿಕೊಂಡ ಹೊತ್ತಿನಾಗ ತಯಾರಾದ ಬಂದೂಕ ಇದು. ಅದನ್ನ ಖುಷಿಲಿಂದ ಕೊಟ್ಟ ಕಾಣಿಕಿ ಅಂತ ಹ್ಯಾಂಗ ಅನ್ನಲಿ?

ಕಾಕಾ: ಕಾರ್ನ್‌ವಾಲಿಸ್ ಆಗ ಇಲ್ಲೇ ಇದ್ದನೇನು?

ಹುಡುಗಿ: ಇಲ್ಲ. 1793ರಾಗೇ ಗವರ್ನರ್ ಜನರಲ್ ಪದವಿ ಬಿಟ್ಟು ಇಂಗ್ಲೆಂಡಿಗಿ ಹೋದ. 1805ರಾಗ ಎರಡನೇ ಸಲ ಬಂದವ ಗಾಜಿಪುರದಾಗ ಸತ್ತ. ಗೋರಿ ಅಲ್ಲೇ ಅದ.

ಕಾಕಾ: ಹಂಗಾದ್ರ ನಿನ್ನ ವಾದದಾಗೂ ಒಂದ್ ಸಂದಿ ಅದ. ದೇಶ ಬಿಟ್ಟು ಹೋಗೋನಿಗಿ, ಅಧಿಕಾರ ಇಳದವನಿಗಿ ಹೆದರಿ ಯಾರು ಕಾಣಿಕಿ ಕೊಡ್ತಾರ? ಹೆದರಿ ಕೊಡೋದಿದ್ರ ಹೊಸದಾಗಿ ಬಂದ ಗವರ್ನರ್‌ಗ ಕೊಡ್ತಿದ್ದ. ಮಕ್ಕಳನ್ನ ಛಲೋ ನೋಡ್ಕೊಂಡ ಅಂತ ಕೊಟ್ಟಿರಬಹುದು. ಅಪ್ಪನಾದವನ ಮನಸ್ಸು ಹಂಗೂ ಇರ್ತದ.

ಹುಡುಗಿ: ಇರಬಹುದು. ಆದ್ರ ಕೊಟ್ಟವನ ಕಡಿ ಮಾತು ನಮ್ಮ ಮುಂದ ಇಲ್ಲ. ಇಸ್ಕೊಂಡವರ ಮನಿ ಮಾತು ಅಷ್ಟೇ ಉಳದದ. ಎರಡು ನೂರು ವರ್ಷ ಯಾರ ಮನ್ಯಾಗ ವಸ್ತು ಇರ್ತದೋ ಅವರು ಹೇಳಿದ್ದೇ ಇತಿಹಾಸ ಆಗ್ತದ. ನನ್ನ ತಕರಾರು ಇರೋದು ಅಲ್ಲೇ.

ಕಾಕಾ: ಇನ್ನೊಂದ್ ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ. ‘ನಮ್ಮ ಬಂದೂಕ’ ಅಂತಿ. ಆ ಲಡಾಯಿಯಾಗ ಕಾರ್ನ್‌ವಾಲಿಸನ ಜೋಡಿ ನಿಂತವರು ಯಾರು? ಮರಾಠರು ಮತ್ತ ನಿಜಾಮ. ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಆಗ ನಿಜಾಮನ ಮುಲುಕಿನಾಗ ಇದ್ದವು. ಇಲ್ಲಿ ಜ್ವಾಳ ಬೆಳದವರು ಕೊಟ್ಟ ಕಂದಾಯದ ರೊಕ್ಕದ ಮ್ಯಾಲ ಆ ಫೌಜು ಶ್ರೀರಂಗಪಟ್ಟಣದ ಮಟಾ ಹೋಯ್ತು. ಗೆದ್ದ ಮ್ಯಾಲ ಮುಲುಕು ಹಂಚಿಕೊಂಡಾಗ ನಿಜಾಮಗೂ ಪಾಲು ಸಿಕ್ತು. ನಮ್ಮ ಹಿರಿಯರು ಇದ್ದದ್ದು ಗೆದ್ದವರ ಮಗ್ಗಲದಾಗ. ಈಗ ನಾವು ಸೋತವರ ಹೆಸರಿಲೆ ಬಂದೂಕ ಕೇಳೋದು ನ್ಯಾಯ ಏನು?

ಹುಡುಗಿ ತಕ್ಷಣ ಉತ್ತರ ಕೊಡಲಿಲ್ಲ. ಒಂದು ಗೂಡ್ಸ್ ಗಾಡಿ ಸಿಮೆಂಟ್ ಹೊತ್ತು ಹಾಯ್ದುಹೋಗುವವರೆಗೂ ಮಾತು ಸಾಧ್ಯವಿರಲಿಲ್ಲ.

ಹುಡುಗಿ: ಅರಸರ ಲೆಕ್ಕದಾಗ ನೀವಂದಿದ್ದು ಖರೆ ಕಾಕಾ. ನಾ ಅರಸರ ಸಲುವಾಗಿ ಕೇಳ್ತಿಲ್ಲ. ಆ ಅಸದ್ ಖಾನ್ ಸಲುವಾಗಿ ಕೇಳ್ತೀನಿ. ಟಿಪ್ಪುವಿನ ಬಂದೂಕ, ಕಾರ್ನ್‌ವಾಲಿಸನ ಬಂದೂಕ ಅಂತ ಪೇಪರಿನವರು ಬರದ್ರು. ಹಿಡದವರ ಹೆಸರು ದೊಡ್ಡದು, ಮಾಡಿದವನ ಹೆಸರು ಕೊನಿ ಸಾಲಿನಾಗ. ಈ ಬಂದೂಕದಾಗ ಇನ್ನೊಂದು ವಿಶೇಷ ಅದ. ನಡುವ ಮತ್ತ ಮದ್ದು ತುಂಬದೇ ಎರಡನೇ ಏಟು ಹಾರಿಸಬಹುದಂತ.

ಕಾಕಾ: ಏನಂದಿ? ಚಕಮಕಿ ಬಂದೂಕದಾಗ?

ಹುಡುಗಿ: ಹ್ಞೂಂ. ಭಾಳ ಅಪರೂಪದ ಕೆಲಸ ಅಂತ, ಇಂಥ ವಸ್ತು ದೇಶ ಬಿಟ್ಟು ಹೋಗೋ ವಿಚಾರ ನೋಡೋ ಬ್ರಿಟನ್ನಿನ ಸಮಿತಿನೇ ಹೇಳ್ಯಾದ.

ಕಾಕಾ: ಹಂಗಿದ್ರ ಅವ ಸಾದಾ ಕಮ್ಮಾರ ಅಲ್ಲ. ಇದು ಎಷ್ಟು ನಾಜೂಕಿನ ಕೆಲಸ ಅಂತ ನನಗ ಗೊತ್ತು. ಬ್ಯಾಂಕಿನಾಗ ನನ್ನ ಕೈಯಾಗ ಇದ್ದದ್ದು 12 ಬೋರಿನ ಜೋಡುನಳಿಗಿ. ಒಂದು ಪೌಂಡ್ ಸೀಸದಾಗ ಸರಿಸಮ 12 ಗುಂಡು ಎರದ್ರ ಒಂದೊಂದು ಎಷ್ಟು ದಪ್ಪ ಆಗ್ತದೋ ಅಷ್ಟು ಅಗಲ ಅದರ ನಳಿಗಿ. ಅದಕ್ಕ 12 ಬೋರ್ ಅಂತಾರ. ಎರಡು ಏಟು ಹಾರಿಸ್ಲಿಕ್ಕ ಎರಡು ನಳಿಗಿ ಬೇಕು, ಎರಡು ಬಿಲ್ಲು ಬೇಕು. ಮುಂದಿನ ಬಿಲ್ಲು ಒತ್ತಿದ್ರ ಬಲದ ನಳಿಗಿ, ಹಿಂದಿನದು ಒತ್ತಿದ್ರ ಎಡದ್ದು. ಎಡದ ನಳಿಗಿ ಬಾಯಿ ಹತ್ರ ಒಂದಿಷ್ಟು ಬಿಗಿ ಇರ್ತದ. ಚರೆ ಲಗೂನ ಚದುರಬಾರದು, ದೂರ ಹೋಗಬೇಕು ಅಂತ. ಮುಂಜಾನೆ ಡ್ಯೂಟಿಗಿ ಹೋದ ಕೂಡ್ಲೇ ಬಂದೂಕ ಮುರದು ಬೆಳಕಿಗಿ ಹಿಡಿತಿದ್ದೆ. ನಳಿಗಿ ಒಳಗ ಒಂದ್ ಕರೀ ಚುಕ್ಕಿ ಕಂಡ್ರೂ ಗಜಕ್ಕ ಅರಿವಿ ಸುತ್ತಿ, ಎಣ್ಣಿ ಹಚ್ಚಿ, ಕನ್ನಡಿ ಹಂಗ ಹೊಳಿಯೋ ಮಟಾ ತಿಕ್ತಿದ್ದೆ. ಮಳಿಗಾಲದಾಗ ಕಾಗದದ ಕಾಡತೂಸು ಉಬ್ಬಿ ನಳಿಗ್ಯಾಗ ಸಿಕ್ಕೊಂಡ್ರ ಹೊರಗ ಬರಂಗಿಲ್ಲ. ಕಾರ್ಖಾನ್ಯಾಗ ಮಶೀನಿನ ಮ್ಯಾಲ ಆದ ಬಂದೂಕಕ್ಕೇ ಇಷ್ಟು ಜ್ವಾಪಾನ ಬೇಕು. ಅರಮ, ಸುತ್ತಿಗಿ ಅಷ್ಟೇ ಹಿಡ್ಕೊಂಡು ಅವ ಈ ಕೆಲಸ ಮಾಡ್ಯಾನಂದ್ರ ಅವನ ಹೆಸರು ಮ್ಯಾಲ ಇರಬೇಕು. ಇದೊಂದು ಮಾತು ನಾ ಒಪ್ಪಿದೆ.

ಹುಡುಗಿ: ಅವನಂಥವರು ಮಾಡಿದ್ದರಾಗ ಇಲ್ಲಿ ಏನು ಉಳೀತು ಹೇಳ್ರಿ. 2018ರಾಗ ಹೊಸನಗರ ತಾಲ್ಲೂಕಿನ ಬಿದನೂರಿನಾಗ ಒಂದು ಹಾಳು ಬಾವಿಯೊಳಗ ಸಾವಿರದಷ್ಟು ರಾಕೆಟ್ ಸಿಕ್ಕವು, ಟಿಪ್ಪುವಿನ ಕಾಲದ್ದು. ಈಗ ಶಿವಮೊಗ್ಗ ಮ್ಯೂಸಿಯಂದಾಗ ಅವ. ಬಾವ್ಯಾಗ ಕೆಸರಿನಡಿ ಮುಚ್ಚಿದ್ದಕ್ಕ ಉಳದವು. ಕಣ್ಣಿಗಿ ಬಿದ್ದದ್ದೆಲ್ಲಾ ಹಡಗ ಏರ್ತು.

ಕಾಕಾ: ಹಡಗ ಏರಿದ್ದು ಮರಳಿ ಬಂದ್ರ ಉಳಿತದ ಅಂತ ಹ್ಯಾಂಗ ನಂಬಲಿ? ಟಿಪ್ಪುವಿನ ಕತ್ತಿ ಲಂಡನ್ ಹರಾಜಿನಾಗ ನಮ್ಮ ಕರ್ನಾಟಕದ ಉದ್ಯಮಿಯೊಬ್ಬ ಕೊಂಡಾಗ ಊರೂರಾಗ ಸಂಭ್ರಮ. ಆಮ್ಯಾಲ ಅದನ್ನ ಬ್ಯಾರೆಯವರಿಗಿ ಕೊಟ್ಟುಬಿಟ್ಟೆ ಅಂತ ಅವನೇ ಹೇಳ್ದ. ಅದು ದೂರದ ಮಾತು ಅಂತ ಬಿಡು. ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿ ಕಡಿ ನೋಡು. ಕನಗನಹಳ್ಳ್ಯಾಗ ಅಶೋಕನ ಮೂರ್ತಿ ಇರೋ ಕಲ್ಲು, ಹೆಸರಿನ ಸಮೇತ ಸಿಕ್ತು. ದೇಶದಾಗೇ ಅಪರೂಪ. ಅಲ್ಲಿಯ ಬೌದ್ಧ ಸ್ತೂಪದ ಕಲ್ಲುಗಳು ಎಷ್ಟು ವರ್ಷ ಬಿಸಿಲಾಗ, ಮಳ್ಯಾಗ ಬಿದ್ದವು, ನೀನೇ ನೋಡೀದಿ. ಮನಿ ಮುಂದ ಇದ್ದದ್ದು ಕಾಯ್ಲಿಕ್ಕ ಆಗದವರು ಸಮುದ್ರದಾಚಿ ಇರೋದನ್ನ ತಂದು ಎಲ್ಲಿ ಇಡ್ತೀರಿ?

ಹುಡುಗಿ: ಈ ಮಾತು ನನಗೂ ಚುಚ್ತದ. ಆದ್ರ ನಾವು ಕಾಯಲಿಲ್ಲ ಅನ್ನೋದು ಅವರ ಹಕ್ಕಿಗಿ ಆಧಾರ ಆಗಬಾರದು. ಸನ್ನತಿ ಅಂದ್ರಿ, ಅಲ್ಲಿಂದೇ ಹೇಳ್ತೀನಿ. ಚಂದ್ರಲಾಂಬಾ ಗುಡಿ ಆವಾರದಾಗ ಕಾಳಿ ಗುಡಿ ಮಾಳಿಗಿ ಕುಸದಾಗ ಒಂದು ಚಪ್ಪಡಿ ಬೆಳಕಿಗಿ ಬಂತಲ್ಲ, ಅಶೋಕನ ಶಾಸನ. ಎರಡೂ ಕಡಿ ಅಕ್ಷರ ಅವ. ಅದನ್ನ ದೇವಿ ಮೂರ್ತಿಗಿ ಪೀಠ ಮಾಡ್ಲಿಕ್ಕ ನಟ್ಟನಡುವ ಚೌಕ ತೂತು ಹೊಡದಾರ. ತೂತಿನ ಜಾಗದಾಗ ಇದ್ದ ಅಕ್ಷರ ಎಂದೆಂದಿಗೂ ಹೋದವು. ನಿಮ್ಮ ಹಳೇ ಬಂದೂಕದ ಕಾನೂನು ನೆನಸ್ಕೊಂಡ್ರ ನನಗ ಆ ತೂತೇ ಕಣ್ಣ ಮುಂದ ಬರ್ತದ.

ಕಾಕಾ: ಯಾವ ಕಾನೂನು? 1959ರ ಶಸ್ತ್ರಾಸ್ತ್ರ ಕಾಯ್ದೆ?

ಹುಡುಗಿ: ಅದೇ. ಪುರಾತನ ಬಂದೂಕ ಲೈಸೆನ್ಸ್ ಇಲ್ಲದೇ ಇಟ್ಕೋಬೇಕಂದ್ರ ರಿಪೇರಿ ಮಾಡಿದ್ರೂ ಅದು ಹಾರಬಾರದು. ಅಂದ್ರ ನಳಿಗಿಗಿ ಬೆಸುಗಿ ಹಾಕಬೇಕು, ಇಲ್ಲಾ ತೂತು ಹೊಡಿಬೇಕು. ಮನ್ಯಾಗ ಉಳಿಬೇಕಾದ್ರ ಮೊದಲ ಸಾಯಬೇಕು.

ಕಾಕಾ: ಸಾಯಲಿ ಬಿಡು! ಹಾರೋ ಬಂದೂಕ ಮನ್ಯಾಗ ಮಕ್ಕಳ ಕೈಗಿ ಸಿಕ್ಕ ಮ್ಯಾಲ ಏನಾಗ್ತದ ಅಂತ ನಾ ನೋಡೀನಿ. ಕಾನೂನು ಸರಿ ಅದ. ಮತ್ತ ಆ ಸನ್ನತಿ ಕಲ್ಲಿನ ಮಾತು: ತೂತು ಹೊಡದು ಪೀಠ ಮಾಡಿದ್ದಕ್ಕೇ ಅದು ಉಳೀತು. ಗುಡ್ಯಾಗ ದೇವಿ ಕೆಳಗ ಇತ್ತು ಅಂತ ಯಾರೂ ಒಡೀಲಿಲ್ಲ, ಯಾರೂ ಮನಿ ಕಟ್ಲಿಕ್ಕ ಒಯ್ಯಲಿಲ್ಲ. ಅಕ್ಷರ ಓದ್ಲಿಕ್ಕ ಬರದ ಮಂದಿ ಅದನ್ನ ಅವರಿಗಿ ತಿಳದಂಗ ಕಾದಾರ. ಅವರಿಗಿ ಬೈಯಬ್ಯಾಡ.

ಹುಡುಗಿ: ಬೈಯಂಗಿಲ್ಲ. ಇದನ್ನ ನಾ ಹಿಂಗ ವಿಚಾರ ಮಾಡಿದ್ದಿಲ್ಲ. ಆದ್ರೂ ಒಂದು ಮಾತು ಉಳಿತದ. ನಮ್ಮ ಮಂದಿ ಮನ್ಯಾಗ ಇಂಥ ಹಳೇ ಬಂದೂಕ ಯಾಕ ಇಲ್ಲ? 1857ರ ಬಂಡಾಯದ ಮ್ಯಾಲ ಹತಿಯಾರ ಕಸ್ಕೊಂಡ್ರು. 1878ರ ಕಾಯ್ದೆ ಬಂದ ಮ್ಯಾಲ ಬ್ರಿಟಿಷ್ ಮುಲುಕಿನಾಗ ನಮ್ಮವರಿಗಿ ಲೈಸೆನ್ಸ್ ಬೇಕು, ಯುರೋಪಿಯನ್ನರಿಗಿ ವಿನಾಯ್ತಿ. ಅದಕ್ಕ ಸಾಹೇಬರ ಬಂದೂಕ ಗ್ವಾಡಿ ಮ್ಯಾಲ ಉಳದವು, ಪಾಳೇಗಾರರ, ರೈತರ ಬಂದೂಕ ಕರಗಿ ಹೋದವು. ಕೊಡಗಿನವರಿಗಿ ಅಷ್ಟೇ ಬ್ಯಾರೆ ದಾರಿ ಸಿಕ್ತು. 1861ರಾಗೇ ಅವರಿಗಿ ವಿನಾಯ್ತಿ ಕೊಟ್ರು, ಇವತ್ತಿಗೂ ಅದ. ಕೈಲ್ ಪೊಳ್ದ್ ದಿವಸ ಕೋವಿಗಿ ಹೂವು ಏರಿಸಿ ಪೂಜಿ ಮಾಡ್ತಾರ. ಅಲ್ಲಿ ಅಜ್ಜನ ಕೋವಿ ಮೊಮ್ಮಗನ ಮನ್ಯಾಗೇ ಅದ, ಯಾರ ಕೋವಿ, ಯಾವಾಗಿಂದು ಅಂತ ಮನಿ ಮಂದಿಗಿ ಗೊತ್ತದ.

ಕಾಕಾ: ಕೊಡಗಿನ ರೀತಿ ಕೊಡಗಿಗಿ. ಜನರಲ್ ತಿಮ್ಮಯ್ಯನವರು ಹುಟ್ಟಿದ ಮಡಿಕೇರಿ ಅದು. ಅವರ ಸನ್ನಿಸೈಡ್ ಮನಿ ಎಷ್ಟೋ ವರ್ಷ ಆರ್‌ಟಿಓ ಆಫೀಸ್ ಆಗಿತ್ತು, 2021ರಾಗ ರಾಷ್ಟ್ರಪತಿ ಬಂದು ಮ್ಯೂಸಿಯಂ ಉದ್ಘಾಟನಾ ಮಾಡಿದ್ರು. ಅದನ್ನ ಕೇಳಿ ನನಗ ಖುಷಿ ಆಯ್ತು. ಆದ್ರ ನಮ್ಮ ಕಡಿ ಬಂದೂಕ ಅಂದ್ರ ಪೂಜಿ ನೆನಪಾಗಂಗಿಲ್ಲ. ನಮ್ಮಪ್ಪ ರಜಾಕಾರರ ಕಾಲ ನೋಡಿದವ. ಬಂದೂಕ ಹಿಡದವರು ಊರಾಗ ಬಂದಾರ ಅಂದ್ರ ಹೆಣ್ಮಕ್ಕಳನ್ನ ಕರ್ಕೊಂಡು ಹೊಲ ಹಾರಿ ಓಡಿದವ. 1948ರ ಸೆಪ್ಟೆಂಬರ್‌ದಾಗ ಪೋಲೀಸ್ ಕಾರ್ಯಾಚರಣಿ ಆದ ಮ್ಯಾಲನೇ ಅವ ನಿದ್ದಿ ಮಾಡಿದ್ದು. ನಾ ಫೌಜಿಗಿ ಸೇರ್ತೀನಿ ಅಂದಾಗ ಖುಷಿಪಟ್ಟ, ರಜಾದಾಗ ಬಂದು ಮನಿಗೊಂದು ಬಂದೂಕ ತರ್ತೀನಿ ಅಂದಾಗ ಬ್ಯಾಡ ಅಂದ. ಕೊನಿ ಮಟಾ ಆ ಮಾತು ಬಿಡ್ಲಿಲ್ಲ.

ಹುಡುಗಿ: ನನಗ ಸಾಹೇಬರ ಬಂದೂಕ ಅಂದ್ರ ಸುರಪುರ ನೆನಪಾಗ್ತದ. ಮೆಡೋಸ್ ಟೇಲರ್ ನಿಜಾಮನ ಫೌಜಿನ ಅಧಿಕಾರಿ. ಸುರಪುರದ ಅರಸ, ಸಣ್ಣ ಹುಡುಗ ವೆಂಕಟಪ್ಪ ನಾಯಕ ಅವನಿಗಿ ‘ಅಪ್ಪಾ’ ಅಂತಿದ್ದ. 1858ರಾಗ ಬಂಡಾಯದ ಆರೋಪದ ಮ್ಯಾಲ ವೆಂಕಟಪ್ಪ ನಾಯಕನ್ನ ಹಿಡದ್ರು. ಮರಣದಂಡನಿ ಇಳದು ಇಳದು ಕೊನಿಗಿ ಚೆಂಗಲ್ಪಟ್ಟಿನ ಕೋಟ್ಯಾಗ ನಾಲ್ಕು ವರ್ಷದ ಕೈದು ಆಯ್ತು. ಒಯ್ಯೋ ದಾರ್‍ಯಾಗ ಕಾವಲಿನ ಅಧಿಕಾರಿ ಬಿಚ್ಚಿಟ್ಟಿದ್ದ ರಿವಾಲ್ವರ್ ತಗೊಂಡು ತಾನೇ ಹೊಡ್ಕೊಂಡ ಅಂತ ಟೇಲರ್ ಬರದಾನ. ಆ ರಿವಾಲ್ವರ್ ನಾಳೆ ಯಾವುದೋ ಹರಾಜಿಗಿ ಬಂತು ಅನ್ಕೋರಿ. ಫಲಾನಾ ಸಾಹೇಬರ ರಿವಾಲ್ವರ್ ಅಂತ ಚೀಟಿ ಇರ್ತದ. ವೆಂಕಟಪ್ಪ ನಾಯಕನ ಹೆಸರು ಇರ್ತದೇನು?

ಕಾಕಾ: ಕೈದಿ ಕೈಗಿ ಎಟಕೋ ಜಾಗದಾಗ ತುಂಬಿದ ಹತಿಯಾರ ಬಿಚ್ಚಿಟ್ಟು ಹೋಗೋದಾ? ನಮಗ ಟ್ರೇನಿಂಗಿನಾಗ ಮೊದಲ ದಿವಸ ಕಲಿಸಿದ್ದೇ ಅದು, ಹಂಗ ಮಾಡಬಾರದು ಅಂತ. ಆ ಅಧಿಕಾರಿ ಎಷ್ಟೇ ದೊಡ್ಡವ ಇರಲಿ, ಆ ತಪ್ಪು ಅವಂದೇ. ನಿನ್ನ ಮಾತು ಖರೆ ಅದ, ಅಂಥ ಹತಿಯಾರದ ಚೀಟಿಯಾಗ ಸತ್ತವನ ಹೆಸರೂ ಬೇಕು. ಆದ್ರ ಎಲ್ಲಾ ಸಾಹೇಬರ ಬಂದೂಕನೂ ಅದೇ ಲೆಕ್ಕಕ್ಕ ಹಚ್ಚಬ್ಯಾಡ. ಹಕ್ಕಿ ಬಂದೂಕ ಯಾರ ಎದಿಗೂ ಗುರಿ ಹಿಡದಿದ್ದಲ್ಲ.

ಹುಡುಗಿ: ಹಕ್ಕಿ ಎದಿಗಿ ಹಿಡದದ್ದು.

ಕಾಕಾ: ಆ ಕಾಲ ಬ್ಯಾರೆ. ಈಗ ಚಿಂಚೋಳಿ ಅಡವ್ಯಾಗ ನವಿಲಿಗಿ ಗುರಿ ಹಿಡದ್ರ ಜೇಲು. ಅಭಯಾರಣ್ಯ ಆದದ್ದು ಛಲೋ ಆಯ್ತು. ಅದರ ಬಗ್ಗಿ ನಂದೇನೂ ತಕರಾರಿಲ್ಲ.

ಹುಡುಗಿ: ಹಂಗಾದ್ರ ಕೊನಿಗಿ ಏನಂತೀರಿ? ಆ ಬಂದೂಕ ಬರಬೇಕೋ ಬ್ಯಾಡೋ?

ಕಾಕಾ: ಕೇಳಿ ತರೋದು ಬ್ಯಾಡ ಅಂತೀನಿ. ಕೊಂಡು ತಂದ್ರ ತರಲಿ, ಸರ್ಕಾರದ ರೊಕ್ಕದಿಂದ, ಸರ್ಕಾರದ ಮ್ಯೂಸಿಯಂಗ. ಅದಕ್ಕಿಂತ ಮೊದಲ ಸನ್ನತಿಯಾಗ ಕಲ್ಲುಗಳಿಗಿ ಛಲೋ ನೆರಳು ಆಗಲಿ. ನೀ?

ಹುಡುಗಿ: ನಾ ಕೇಳಬೇಕು ಅಂತೀನಿ. ಅವರು ಕೊಡಂಗಿಲ್ಲ ಅಂದ್ರೂ ಕೇಳಬೇಕು. ನಾವು ಕೇಳಿದ್ರನೇ ‘ಕಾಣಿಕಿ’ ಅನ್ನೋದಕ್ಕ ಕಾಗದ ತೋರ್ಸು ಅಂತ ಅವರಿಗಿ ಹೇಳ್ಲಿಕ್ಕ ಬರ್ತದ. ಬರೋ ತನಕ ಒಂದು ಫೋಟೊ ಶ್ರೀರಂಗಪಟ್ಟಣದಾಗ ತೂಗು ಹಾಕ್ಲಿ, ಕೆಳಗ ದೊಡ್ಡ ಅಕ್ಷರದಾಗ ಅಸದ್ ಖಾನ್ ಮುಹಮ್ಮದ್ ಅಂತ ಬರೀಲಿ.

ಕಾಕಾ: ಅದಕ್ಕ ನನ್ನ ಸಹಿ ಹಾಕ್ತೀನಿ. ಕೇಳೋ ಅರ್ಜಿಗಿ ಹಾಕಂಗಿಲ್ಲ.

ಹುಡುಗಿ: ನಿಮ್ಮ ಬಂದೂಕದ ಕತಿ ಏನು ಕಾಕಾ? ಅಜ್ಜ ತೀರಿದ ಮ್ಯಾಲ ನೀವೇ ಒಂದು ಕೊಂಡ್ರಲ್ಲ, ಬ್ಯಾಂಕಿನ ಕೆಲಸಕ್ಕ.

ಕಾಕಾ: ಅದ. ಎಲೆಕ್ಷನ್ ಬಂದಾಗ ಠಾಣಾಕ್ಕ ಒಯ್ದು ಜಮಾ ಮಾಡ್ತೀನಿ, ಮುಗದ ಮ್ಯಾಲ ತರ್ತೀನಿ. ನಾ ಸತ್ತ ಮ್ಯಾಲ ಮಗ ಠಾಣಾದಾಗೋ, ಲೈಸೆನ್ಸ್ ಇರೋ ಅಂಗಡಿಯಾಗೋ ಜಮಾ ಮಾಡಬೇಕು. ಅವಗ ಬೇಕಾದ್ರ ತನ್ನ ಹೆಸರಿಲೆ ಲೈಸೆನ್ಸಿಗಿ ಅರ್ಜಿ ಹಾಕಬೇಕು. ಬ್ಯಾಡಾದ್ರ ಮಾರಬೇಕು. ಲೈಸೆನ್ಸ್ ಪುಸ್ತಕದಾಗ ಬಂದೂಕದ ನಂಬರ್ ಅದ, ನನ್ನ ಹೆಸರು ಅದ. ಯಾಕ ಕೊಂಡೆ, ಯಾವ ಬಾಗಿಲದಾಗ ಎಷ್ಟು ವರ್ಷ ನಿಂತೆ, ನಮ್ಮಪ್ಪ ಯಾಕ ಬ್ಯಾಡ ಅಂದ, ಅದ್ಯಾವುದೂ ಇಲ್ಲ.

ಹುಡುಗಿ: ಬರದು ಇಡ್ರಿ. ಇಲ್ಲಾ ನೀವು ಹೇಳ್ರಿ, ನಾ ಬರಕೋತೀನಿ.

ಕಾಕಾ: ಗಾಡ್ಯಾಗ ಕುಂತು ಹೇಳ್ತೀನಿ. ಶಹಾಬಾದ ಬರೋದ್ರೊಳಗ ಮುಗೀಬೇಕು, ನಾ ಅಲ್ಲೇ ಇಳಿಯಾವ.

ಆ ಬಂದೂಕು ಮರಳಿ ಬರಬೇಕೇ ಎಂಬ ಪ್ರಶ್ನೆಯಲ್ಲಿ ಇಬ್ಬರೂ ತಮ್ಮ ತಮ್ಮ ಜಾಗದಲ್ಲೇ ಉಳಿದರು. ಓದುವವರಲ್ಲಿ ನನ್ನದೊಂದು ಕೋರಿಕೆ. ಸೇಡಂ, ಚಿತ್ತಾಪುರ, ಚಿಂಚೋಳಿ ಕಡೆಯ ಯಾವುದೇ ಮನೆಯ ಅಟ್ಟದಲ್ಲಿ ಹಳೆಯ ಬಂದೂಕು ಇದ್ದರೆ ಮೊದಲು ಅದರ ಲೈಸೆನ್ಸ್ ಹುಡುಕಿ. ಸಿಗದಿದ್ದರೆ ಬಂದೂಕನ್ನು ಮುಟ್ಟದೆ ಠಾಣೆಗೆ ತಿಳಿಸಿ. ಲೈಸೆನ್ಸ್ ಇದ್ದರೆ, ಮಾರುವ ಅಥವಾ ನಳಿಗೆಗೆ 	ಬೆಸುಗೆ ಹಾಕಿಸುವ ಮುನ್ನ ಅದರ ಮೇಲೆ ಕೊರೆದಿರುವ ಅಕ್ಷರ, ಅಂಕಿ, ಗುರುತುಗಳ ಫೋಟೊ ತೆಗೆದಿಡಿ. ಅದು ಯಾರ ಕೈಯಿಂದ ಯಾರ ಕೈಗೆ ಹೇಗೆ ಬಂತು ಎಂಬುದನ್ನು ಮನೆಯ ಹಿರಿಯರಿಂದ ಕೇಳಿ, ಅವರು ಇರುವಾಗಲೇ ಬರೆದುಕೊಳ್ಳಿ.